ಎಷ್ಟು ಗಂಟೆಗೆ ಶುರುವಾಯ್ತು?

ಓದುಗರ ಪ್ರಶ್ನೆ, ಕ್ಯಾಶುವಾಲಿಟಿ ಡಾಕ್ಟರ್ ಉತ್ತರ

ಹೋದ ತಿಂಗಳು ಎಮರ್ಜೆನ್ಸಿ ಚಿಕಿತ್ಸೆ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದಕ್ಕೆ ರಾಶಿ ಪತ್ರ ಬಂದಿವೆ, ಎಲ್ಲದಕ್ಕೂ ಇಲ್ಲಿ ಜಾಗ ಸಾಲಲ್ಲ, ಕೆಲವಕ್ಕೆ ಮಾತ್ರ ಉತ್ತರ ಬರ್ದಿದೀನಿ. ಓದ್ತಾ ಓದ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಏನಾಯ್ತು, ಯಾವ ಆಸ್ಪತ್ರೆಗೆ ಹೋದ್ವಿ, ಬಿಲ್ ಎಷ್ಟಾಯ್ತು, ಯಾರು ಏನಂದ್ರು ಅನ್ನೋದೆಲ್ಲ ವಿವರವಾಗಿ ಬರ್ದಿದೀರಿ, ಆದ್ರೆ ಎಷ್ಟು ಗಂಟೆಗೆ ಶುರುವಾಯ್ತು ಅನ್ನೋದು ಬಹಳಷ್ಟು ಪತ್ರಗಳಲ್ಲಿ ಇಲ್ಲವೇ ಇಲ್ಲ. ನಾವು ಕ್ಯಾಶುವಾಲಿಟಿ ಬಾಗಿಲಲ್ಲಿ ಮೊದ್ಲು ಕೇಳೋದೇ ಅದನ್ನ. ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗುತ್ತೆ.

ಪ್ರಶ್ನೆ: ಮೇಡಂ, ನಮ್ಮ ತಂದೆಗೆ 58 ವರ್ಷ, ಶುಗರ್ ಇದೆ. ರಾತ್ರಿ ಎರಡು ಗಂಟೆಗೆ ಎದೆ ಉರಿ, ಬೆವರು ಅಂತ ಎದ್ದು ಕೂತ್ರು. ಹಬ್ಬದೂಟ ಮಾಡಿದ್ರು, ಗ್ಯಾಸ್ಟ್ರಿಕ್ ಇರ್ಬೇಕು ಅಂತ ಮಾತ್ರೆ ಕೊಟ್ವಿ, ಕಮ್ಮಿ ಆಯ್ತು. ಬೆಳಿಗ್ಗೆ ನರ್ಸಿಂಗ್ ಹೋಮಲ್ಲಿ ಇಸಿಜಿ ಮಾಡ್ಸಿದ್ರೆ ನಾರ್ಮಲ್ ಬಂತು, ಮನೆಗೆ ಕಳಿಸಿದ್ರು. ಸಂಜೆ ಮತ್ತೆ ಎದೆ ನೋವು ಬಂದು ಬೇರೆ ಆಸ್ಪತ್ರೆಗೆ ಹೋದ್ರೆ ಹಾರ್ಟ್ ಅಟ್ಯಾಕ್ ಅಂದ್ರು, ಸ್ಟೆಂಟ್ ಹಾಕಿದ್ರು. ಈಗ ಹುಷಾರಾಗಿದಾರೆ. ಬೆಳಿಗ್ಗೆ ನಾರ್ಮಲ್ ಇದ್ದದ್ದು ಸಂಜೆ ಹೇಗೆ ಅಟ್ಯಾಕ್ ಆಗುತ್ತೆ? ಯಾರು ಸುಳ್ಳು ಹೇಳಿದ್ದು? (ಓದುಗರು, ಅರಸೀಕೆರೆ)

ಉತ್ತರ: ಹುಷಾರಾಗಿದಾರೆ ಅಂತ ಓದಿ ಸಮಾಧಾನ ಆಯ್ತು. ಯಾರೂ ಸುಳ್ಳು ಹೇಳಿಲ್ಲ ಅನ್ಸುತ್ತೆ, ಆದ್ರೆ ಬೆಳಿಗ್ಗೆ ಒಂದು ಕೆಲಸ ಅರ್ಧಕ್ಕೆ ನಿಂತಿದೆ. ಇಸಿಜಿ ಹಾಳೆ ಅಂದ್ರೆ ಹತ್ತು ಸೆಕೆಂಡಿನ ದಾಖಲೆ. ಆ ಹತ್ತು ಸೆಕೆಂಡಲ್ಲಿ ಹೃದಯ ಹೇಗಿತ್ತು ಅಂತ ಅದು ಹೇಳುತ್ತೆ, ರಾತ್ರಿ ಎರಡು ಗಂಟೆಗೆ ಹೇಗಿತ್ತು, ಸಂಜೆ ಹೇಗಿರುತ್ತೆ ಅಂತ ಹೇಳಲ್ಲ. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋದು, ಸ್ವಲ್ಪ ಕರಗೋದು, ಮತ್ತೆ ಕಟ್ಟೋದು ಹೀಗೆ ಗಂಟೆಗಟ್ಟಲೆ ನಡೀಬಹುದು, ಕರಗಿದ ಹೊತ್ತಲ್ಲಿ ನೋವೂ ಇರಲ್ಲ, ಇಸಿಜಿನೂ ಚೆನ್ನಾಗೇ ಇರುತ್ತೆ. ಅದಕ್ಕೇ ಅನುಮಾನ ಇರೋ ಪೇಷಂಟಿಗೆ ನಾವು ಒಂದು ಇಸಿಜಿ ಮಾಡಿ ಬಿಡಲ್ಲ, ನೋವು ಮುಂದುವರಿದ್ರೆ ಕಾಲು ಗಂಟೆ ಅರ್ಧ ಗಂಟೆಗೊಂದು ಸಲ ಮತ್ತೆ ಮಾಡ್ತೀವಿ. ಜೊತೆಗೆ ಟ್ರೋಪೋನಿನ್ ಅಂತ ರಕ್ತ ಪರೀಕ್ಷೆ ಇದೆ, ಹೃದಯದ ಸ್ನಾಯುಗೆ ಏಟು ಬಿದ್ರೆ ಅದು ರಕ್ತಕ್ಕೆ ಬರುತ್ತೆ, ಆದ್ರೆ ತಕ್ಷಣ ಬರಲ್ಲ, ಕೆಲವು ಗಂಟೆ ಬೇಕು, ಅದಕ್ಕೆ ಒಂದು ಸಲ ನೆಗೆಟಿವ್ ಬಂದ್ರೂ ಮತ್ತೆ ಮಾಡ್ಬೇಕು. ನೋವು ಶುರುವಾಗಿ ಎಷ್ಟು ಹೊತ್ತಾಯ್ತು ಅಂತ ಗೊತ್ತಿಲ್ದೆ ಇದ್ರೆ ಆ ರಿಪೋರ್ಟಿಗೆ ಅರ್ಥವೇ ಇಲ್ಲ.

ಇನ್ನೊಂದು, ಗ್ಯಾಸ್ಟ್ರಿಕ್ ಮಾತ್ರೆಗೆ ಕಮ್ಮಿ ಆಯ್ತು ಅಂದ್ರೆ ಗ್ಯಾಸ್ಟ್ರಿಕ್ಕೇ ಅಂತ ಅಲ್ಲ. ಹೃದಯದ ನೋವು ತಾನಾಗೇ ಕಮ್ಮಿ ಆಗಿರುತ್ತೆ, ಹೆಸರು ಮಾತ್ರೆಗೆ ಹೋಗುತ್ತೆ. ಶುಗರ್ ಇರೋರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೀವು ಸಿನಿಮಾದಲ್ಲಿ ನೋಡೋ ಹಾಗೆ ಎದೆ ಹಿಡ್ಕೊಂಡು ಬೀಳೋದು ಕಮ್ಮಿ, ಬರೀ ಸುಸ್ತು, ಮೇಲುಸಿರು, ತಣ್ಣನೆ ಬೆವರು, ದವಡೆ ನೋವು, ಹೊಟ್ಟೆ ಮೇಲ್ಭಾಗದಲ್ಲಿ ಉರಿ ಇಷ್ಟೇ ಇರ್ಬಹುದು. ನಮ್ಮ ಹೆಂಗಸರು ಅಡುಗೆ ಮನೇಲಿ ಸೋಡಾ ಕುಡ್ದು ಗೋಡೆಗೆ ಒರಗಿ ಕೂತಿರ್ತಾರೆ, ಮಕ್ಕಳು ಬಂದು ಕೇಳಿದ್ರೆ ಏನಿಲ್ಲ ಗ್ಯಾಸು ಅಂತಾರೆ. ಬೆವರಿನ ಜೊತೆ ಬರೋ ಗ್ಯಾಸ್ ನಂಬಬೇಡಿ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ಕ್ಕೆ ತೀರ್ಕೊಂಡ ಮೇಲೆ, ಆಮೇಲೆ 2025ರಲ್ಲಿ ನಿಮ್ಮ ಹಾಸನದಲ್ಲಿ ಸಾಲುಸಾಲು ಜನ ಹಾರ್ಟ್ ಅಟ್ಯಾಕಲ್ಲಿ ತೀರ್ಕೊಂಡ ಸುದ್ದಿಗಳು ಬಂದ ಮೇಲೆ, ಏನೂ ತೊಂದರೆ ಇಲ್ದೋರು ಸಾವಿರಗಟ್ಟಲೆ ಜನ ಇಸಿಜಿಗೆ ಸಾಲು ನಿಂತ್ರು. ಆರಾಮಾಗಿದ್ದಾಗ ಮಾಡಿದ ನಾರ್ಮಲ್ ಇಸಿಜಿ ನಾಳೆಗೆ ಗ್ಯಾರಂಟಿ ಕೊಡಲ್ಲ. ನೋವು ಇರುವಾಗ ಹೋಗಿ ಮಾಡ್ಸಿ, ಬಂದ ಹತ್ತು ನಿಮಿಷದಲ್ಲಿ ಆಗ್ಬೇಕು ಅಂತ ನಿಯಮ ಇದೆ, ಕೇಳಿ ಮಾಡ್ಸಿ. 2023ರಲ್ಲಿ ಶುರುವಾದ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೇಲಿ ತಾಲೂಕು ಆಸ್ಪತ್ರೆಲೇ ಇಸಿಜಿ ಮಾಡಿ, ಅದನ್ನ ಜಯದೇವ ಥರದ ದೊಡ್ಡ ಆಸ್ಪತ್ರೆ ತಜ್ಞರಿಗೆ ಕಳ್ಸಿ, ಬೇಕಾದ್ರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಆ ಇಂಜೆಕ್ಷನ್ನಿನ ಕೆಲಸ ಮೊದಲ ಮೂರು ಗಂಟೇಲಿ ತುಂಬ ಚೆನ್ನಾಗಿರುತ್ತೆ, ಹನ್ನೆರಡು ಗಂಟೆ ದಾಟಿದ್ರೆ ಸಾಮಾನ್ಯವಾಗಿ ಕೊಡೋದೇ ಇಲ್ಲ. ಬೆಂಗಳೂರಿಗೇ ಹೋಗೋಣ ಅಂತ ನಾಲ್ಕು ತಾಸು ಕಾರಲ್ಲಿ ಕೂರೋದಕ್ಕಿಂತ ಹತ್ತಿರದ ತಾಲೂಕು ಆಸ್ಪತ್ರೆಗೆ ಮೊದ್ಲು ಹೋಗಿ.

ಮನೇಲಿ ಆಸ್ಪಿರಿನ್ ಕೊಡಬಹುದಾ ಅಂತ ಇನ್ನೂ ಇಬ್ಬರು ಕೇಳಿದೀರಿ. ಹೃದಯದ್ದೇ ನೋವು ಅನ್ನೋ ಬಲವಾದ ಅನುಮಾನ ಇದ್ದು, ಆಸ್ಪಿರಿನ್ ಅಲರ್ಜಿ ಇಲ್ದೆ, ರಕ್ತಸ್ರಾವ ಏನೂ ಇಲ್ದೆ ಇದ್ರೆ 300 ಮಿಲಿಗ್ರಾಮ್ ಅಗಿದು ನುಂಗಬಹುದು, 108ಕ್ಕೆ ಫೋನ್ ಮಾಡಿದ ಮೇಲೆ. ಆದ್ರೆ ಬೆನ್ನಿನ ಕಡೆ ಸೀಳಿದ ಹಾಗೆ ಒಮ್ಮೆಲೇ ಬಂದ ಭಯಂಕರ ನೋವಾದ್ರೆ ಬೇಡ, ಅದು ದೊಡ್ಡ ರಕ್ತನಾಳವೇ ಒಳಗೆ ಸೀಳಿರೋದಿರಬಹುದು, ಅಂಥೋರಿಗೆ ರಕ್ತ ತೆಳು ಮಾಡೋ ಔಷಧಿ ಅಪಾಯ, ಅದಕ್ಕೇ ನಾವು ಎರಡೂ ಕೈಯಲ್ಲಿ ಬಿಪಿ ನೋಡೋದು. ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್ ಮಾತ್ರೆ ಮಾತ್ರ ಪಕ್ಕದ ಮನೆಯೋರದ್ದು ತಂದು ಇಡಬೇಡಿ, ಬಿಪಿ ಧಡ್ ಅಂತ ಬಿದ್ದುಹೋಗಿ ಕಣ್ಣು ಕತ್ತಲೆ ಬಂದು ಬಿದ್ದೋರನ್ನ ನಾನೇ ನೋಡಿದೀನಿ.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಕೆಲಸ ಮಾಡುವ ಹುಡುಗನಿಗೆ ಹಾವು ಕಚ್ಚಿತು. ಅರ್ಧ ಗಂಟೆಯೊಳಗೆ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅಲ್ಲಿ ರಕ್ತ ತೆಗೆದು ಒಂದು ಗಾಜಿನ ಟ್ಯೂಬಲ್ಲಿ ಹಾಕಿ ಮೇಜಿನ ಮೇಲಿಟ್ಟು ಸುಮ್ಮನೆ ಗಡಿಯಾರ ನೋಡ್ತಾ ಕೂತ್ರು! ಇಂಜೆಕ್ಷನ್ ಕೊಡಿ ಅಂತ ನಾವು ಗಲಾಟೆ ಮಾಡಿದ್ವಿ. ಕೊನೆಗೂ ಕೊಡಲಿಲ್ಲ, ಮಾರನೇ ದಿನ ಡಿಸ್ಚಾರ್ಜ್ ಮಾಡಿದ್ರು, ಹುಡುಗ ಚೆನ್ನಾಗಿದಾನೆ. ಔಷಧಿ ಇಲ್ದೆ ನಾಟಕ ಮಾಡಿದ್ರಾ? (ತೋಟದವರು, ತೀರ್ಥಹಳ್ಳಿ ತಾಲೂಕು)

ಉತ್ತರ: ಅವರು ಮಾಡಿದ್ದು ಸರಿಯಾದ ಕೆಲಸ. ಗಡಿಯಾರ ನೋಡ್ತಾ ಕೂತಿದ್ರಲ್ಲ, ಅದೇ ಪರೀಕ್ಷೆ. ಕೊಳಕುಮಂಡಲ, ಗರಗಸ ಮಂಡಲದ ವಿಷ ರಕ್ತ ಹೆಪ್ಪುಗಟ್ಟೋ ಶಕ್ತಿನೇ ತಿಂದುಹಾಕುತ್ತೆ. ಸ್ವಚ್ಛವಾದ, ಒಣಗಿದ, ಹೊಸ ಗಾಜಿನ ಟ್ಯೂಬಲ್ಲಿ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಬಗ್ಗಿಸಿ ನೋಡೋದು. ಗಟ್ಟಿಯಾಗಿದ್ರೆ ಸದ್ಯಕ್ಕೆ ರಕ್ತಕ್ಕೆ ವಿಷ ಏರಿಲ್ಲ, ನೀರಿನ ಹಾಗೆ ಹರಿದ್ರೆ ಏರಿದೆ, ತಕ್ಷಣ ಔಷಧಿ. ಟ್ಯೂಬ್ ಪ್ಲಾಸ್ಟಿಕ್ ಇರಬಾರದು, ಸೋಪು ಹಾಕಿ ತೊಳೆದದ್ದಿರಬಾರದು, ಮಧ್ಯೆ ಯಾರೂ ಎತ್ತಿ ನೋಡಬಾರದು. ಸಣ್ಣ ಪಿಎಚ್‌ಸಿಯಲ್ಲೂ ಮಾಡಬಹುದಾದ ಇಂಥ ಸರಳ ಪರೀಕ್ಷೆ ಇರೋದ್ರಿಂದ ಎಷ್ಟೋ ಜೀವ ಉಳಿದಿವೆ, ನನಗೆ ಇದರ ಮೇಲೆ ತುಂಬ ಗೌರವ. ಒಂದು ಸಲ ಗಟ್ಟಿಯಾಯ್ತು ಅಂತ ಬಿಡೋ ಹಾಗಿಲ್ಲ, ವಿಷ ನಿಧಾನಕ್ಕೆ ಏರಬಹುದು, ಮತ್ತೆ ಮತ್ತೆ ಮಾಡ್ಬೇಕು, ಅದಕ್ಕೇ 24 ಗಂಟೆ ಇಟ್ಕೊಂಡಿದ್ದು.

ಹಾಗಾದ್ರೆ ಮುನ್ನೆಚ್ಚರಿಕೆಗೆ ಅಂತ ಎಲ್ಲರಿಗೂ ಕೊಡಬಾರದಾ ಅಂದ್ರೆ, ಬಾರದು. ಹಾವಿನ ವಿಷಕ್ಕೆ ಕೊಡೋ ಎಎಸ್‌ವಿ ಕುದುರೆಯ ರಕ್ತದಿಂದ ಮಾಡೋದು, ಕೆಲವರಿಗೆ ಅದೇ ಅಲರ್ಜಿಯಾಗಿ ಬಿಪಿ ಇಳಿದು ಉಸಿರು ಕಟ್ಟುತ್ತೆ, ಕೊಡುವಾಗ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಕೈಯಳತೇಲಿ ಇಟ್ಕೊಂಡೇ ಕೊಡ್ತೀವಿ. ಎಷ್ಟೋ ಹಾವು ವಿಷದ್ದಲ್ಲ, ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಬರೀ ಕಚ್ಚುತ್ತೆ. ಅಂಥೋರಿಗೆ ಕೊಟ್ರೆ ಅಪಾಯ ಮಾತ್ರ ಸಿಗುತ್ತೆ. ಬೇಕಾದೋರಿಗೆ ಮಾತ್ರ ಒಂದೆರಡು ಬಾಟ್ಲಿ ಅಲ್ಲ, ಶುರುವಿಗೇ 8ರಿಂದ 10 ವಯಲ್, ಮಗುವಿಗೂ ಅಷ್ಟೇ, ಯಾಕಂದ್ರೆ ಹಾವು ಮಗು ಅಂತ ಕಮ್ಮಿ ವಿಷ ಬಿಡಲ್ಲ.

ನಿಮ್ಮ ಕಡೆಯೋರಿಗೆ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮಲ್ಲಿ ಸಿಗೋ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಮಲೆನಾಡಲ್ಲಿ ತರಗೆಲೆ ಮಧ್ಯೆ ಇರೋ, ಮೂಗಿನ ತುದಿ ಮೇಲೆದ್ದಿರೋ ಸಣ್ಣ ಮಂಡಲದ ಹಾವು ಇದೆಯಲ್ಲ, ಅದರ ವಿಷಕ್ಕೆ ಇದು ಕೆಲಸ ಮಾಡಲ್ಲ, ಅದು ಕಚ್ಚಿದ್ರೆ ಊತ, ರಕ್ತ ಹೆಪ್ಪುಗಟ್ಟದೆ ಇರೋದು, ಕೆಲವರಿಗೆ ಕಿಡ್ನಿ ತೊಂದರೆ ಆಗುತ್ತೆ, ಕಿಡ್ನಿ ನೋಡ್ಕೊಂಡು, ಬೇಕಾದ್ರೆ ಡಯಾಲಿಸಿಸ್ ಮಾಡಿ ಉಳಿಸ್ಬೇಕು. ಹಾಗಾಗಿ ಯಾವ ಹಾವು ಅನ್ನೋದು ಮುಖ್ಯವೇ, ಆದ್ರೆ ಅದನ್ನ ಹೊಡೆದು ಚೀಲದಲ್ಲಿ ತರಬೇಡಿ, ಹೊಡೆಯೋಕೆ ಹೋಗಿ ಎರಡನೇ ಮನುಷ್ಯನಿಗೂ ಕಚ್ಚಿಸ್ಕೊಂಡು ಬಂದಿದಾರೆ. ದೂರದಿಂದ ಒಂದು ಫೋಟೋ ಸಾಕು, ಸಿಗದಿದ್ರೆ ಬಿಡಿ.

ಕಟ್ಟುಹಾವಿನ ಕಥೆ ಬೇರೆನೇ. ರಾತ್ರಿ ನೆಲದ ಮೇಲೆ ಮಲಗಿದೋರಿಗೆ ಕಚ್ಚುತ್ತೆ, ನೋವೇ ಇರಲ್ಲ, ಗುರುತೂ ಸರಿಯಾಗಿ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಅಂತ ಏಳ್ತಾರೆ, ಸ್ವಲ್ಪ ಹೊತ್ತಿಗೆ ರೆಪ್ಪೆ ಎತ್ತಕ್ಕಾಗಲ್ಲ, ಮಾತು ತೊದಲುತ್ತೆ, ಆಮೇಲೆ ಉಸಿರಾಡೋ ಸ್ನಾಯುನೇ ಸೋತುಹೋಗುತ್ತೆ. ಹೊಟ್ಟೆನೋವು ಅಂತ ಬಂದೋರ ಕಣ್ಣುರೆಪ್ಪೆನ ನಾವು ಯಾಕೆ ನೋಡ್ತೀವಿ ಅಂದ್ರೆ ಇದಕ್ಕೇ. ಎಲ್ಲಿ ಮಲಗಿದ್ರಿ, ಮಂಚದ ಮೇಲಾ ಕೆಳಗಾ ಅಂತ ಕೇಳಿದಾಗ ಬೇಜಾರು ಮಾಡ್ಕೋಬೇಡಿ.

ಬಿಗಿಯಾಗಿ ಹಗ್ಗ ಕಟ್ಟೋದು, ಬ್ಲೇಡಲ್ಲಿ ಕುಯ್ಯೋದು, ಬಾಯಲ್ಲಿ ಹೀರೋದು ಯಾವುದೂ ಬೇಡ. ಉಂಗುರ ಬಳೆ ಕಾಲುಂಗುರ ಬಿಚ್ಚಿ, ಕೈಕಾಲು ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಕರ್ಕೊಂಡು ಬನ್ನಿ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣ, ಖಾಸಗಿ ಆಸ್ಪತ್ರೆಗೂ ಇದು ಅನ್ವಯ, ಇದರಿಂದ ಎಲ್ಲಿ ಎಷ್ಟು ಔಷಧಿ ಬೇಕು ಅಂತ ಲೆಕ್ಕ ಸಿಗುತ್ತೆ.

ಪ್ರಶ್ನೆ: ನಾನು ದುಬೈಯಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ಅಮ್ಮ ಒಬ್ಬರೇ. ಬೆಳಿಗ್ಗೆ ಏಳು ಗಂಟೆಗೆ ಹಾಲಿನವರು ನೋಡುವಾಗ ಬಾಯಿ ಸೊಟ್ಟ, ಬಲಗೈ ಎತ್ತಲಿಕ್ಕೆ ಆಗುವುದಿಲ್ಲ. ನೆರೆಯವರು ಕಾಫಿ ಕುಡಿಸಿ, ಎಣ್ಣೆ ತಿಕ್ಕಿ, ಹತ್ತು ಗಂಟೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾಲ್ಕೂವರೆ ಗಂಟೆಯೊಳಗೆ ಬಂದರೆ ಇಂಜೆಕ್ಷನ್ ಉಂಟಂತೆ, ಏಳಕ್ಕೆ ನೋಡಿ ಹತ್ತಕ್ಕೆ ಹೋದರೂ ಲೇಟ್ ಅಂದರು. ಇದು ಯಾವ ಲೆಕ್ಕ? (ಓದುಗರು, ಮೂಲ ಕುಂದಾಪುರ)

ಉತ್ತರ: ಅಮ್ಮನಿಗೆ ಆದದ್ದು ಸ್ಟ್ರೋಕ್, ಅಂದ್ರೆ ಲಕ್ವ. ಲೆಕ್ಕ ಹಾಲಿನವರು ನೋಡಿದ ಹೊತ್ತಿನಿಂದ ಅಲ್ಲ, ಅಮ್ಮ ಕೊನೇ ಸಲ ಸರಿಯಾಗಿದ್ದದ್ದು ಯಾವಾಗ ಅನ್ನೋದ್ರಿಂದ. ರಾತ್ರಿ ಒಂಬತ್ತಕ್ಕೆ ನಿಮ್ಮ ಜೊತೆ ಫೋನಲ್ಲಿ ಚೆನ್ನಾಗಿ ಮಾತಾಡಿ ಮಲಗಿದ್ರು ಅಂದ್ರೆ, ನಮ್ಮ ಗಡಿಯಾರ ಒಂಬತ್ತಕ್ಕೆ ಶುರು. ನಿದ್ದೇಲಿ ಯಾವ ಹೊತ್ತಲ್ಲಿ ಆಯ್ತೋ ಗೊತ್ತಿಲ್ಲವಲ್ಲ. ಹೆಪ್ಪು ಕರಗಿಸೋ ಆ ಇಂಜೆಕ್ಷನ್ ತಡವಾಗಿ ಕೊಟ್ರೆ ಸತ್ತುಹೋದ ಮಿದುಳಿನ ಭಾಗದಲ್ಲೇ ರಕ್ತಸ್ರಾವ ಆಗೋ ಅಪಾಯ ಹೆಚ್ಚು. ಅಮ್ಮನೇ ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲು ತೆಗೆದು ರಂಗೋಲಿ ಹಾಕಿದ್ದನ್ನ ಯಾರಾದ್ರೂ ನೋಡಿದ್ರೆ, ಆ ಒಂದು ಮಾತು ಚಿಕಿತ್ಸೆನೇ ಬದಲಾಯಿಸ್ತಿತ್ತು, ಆದ್ರೆ ಆಗಲೂ ಹತ್ತಕ್ಕೆ ಬಂದ್ರೆ ಗಡುವು ಮುಗಿಯೋ ಹೊತ್ತು, ಸಿಟಿ ಸ್ಕ್ಯಾನ್ ಮಾಡೋಕೂ ಟೈಮ್ ಬೇಕಲ್ಲ. ಸ್ಕ್ಯಾನ್ ಇಲ್ದೆ ಕೊಡೋ ಹಾಗಿಲ್ಲ, ಹೆಪ್ಪುಗಟ್ಟಿ ಆದ ಸ್ಟ್ರೋಕಾ, ರಕ್ತನಾಳ ಒಡೆದು ಆದದ್ದಾ ಅಂತ ಹೊರಗಿನಿಂದ ನೋಡಿ ಹೇಳಕ್ಕಾಗಲ್ಲ, ಎರಡಕ್ಕೂ ಚಿಕಿತ್ಸೆ ಪೂರ್ತಿ ಉಲ್ಟಾ. ದೊಡ್ಡ ರಕ್ತನಾಳ ಕಟ್ಟಿದ್ರೆ ತೊಡೆಯ ಮೂಲಕ ತಂತಿ ಹಾಕಿ ಹೆಪ್ಪನ್ನ ಎಳೆದು ತೆಗೆಯೋ ಚಿಕಿತ್ಸೆ ಇದೆ, ಆಯ್ದ ಕೆಲವರಿಗೆ 24 ಗಂಟೆವರೆಗೂ ಮಾಡ್ತಾರೆ, ದೊಡ್ಡ ಸೆಂಟರುಗಳಲ್ಲಿ. ನಿದ್ದೇಲಿ ಆದ ಸ್ಟ್ರೋಕಿಗೂ ವಿಶೇಷ ಸ್ಕ್ಯಾನ್ ಮಾಡಿ ಕೆಲವರಿಗೆ ಇಂಜೆಕ್ಷನ್ ಕೊಡೋದುಂಟು. ಹಾಗಾಗಿ ಲೇಟ್ ಆಯ್ತು ಅಂತ ಮನೇಲೇ ಇಟ್ಕೊಳ್ಳೋದೂ ತಪ್ಪು.

ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯ್ತವೆ ಅಂತ ಲೆಕ್ಕ ಹಾಕಿದಾರೆ. ಎಣ್ಣೆ ತಿಕ್ಕಿದ ಹೊತ್ತು ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ, ನೆರೆಯವರು ಪ್ರೀತಿಯಿಂದಲೇ ಮಾಡಿರ್ತಾರೆ, ಅವರನ್ನ ಬೈಬೇಡಿ, ಅವರಿಗೆ ಯಾರೂ ಹೇಳಿರಲಿಲ್ಲ. ಕಾಫಿ ಕುಡಿಸಿದ್ದು ಮಾತ್ರ ಅಪಾಯ, ನುಂಗೋ ಶಕ್ತಿ ಹೋಗಿದ್ರೆ ಅದು ಸೀದಾ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ಬಿಪಿ ಜಾಸ್ತಿ ಇದೆ ಅಂತ ಮನೇಲಿ ಬಿಪಿ ಮಾತ್ರೆ ನಾಲಿಗೆ ಕೆಳಗಿಡೋದೂ ಬೇಡ, ಆ ಹೊತ್ತಲ್ಲಿ ಏರಿದ ಬಿಪಿನೇ ಮಿದುಳಿಗೆ ಅಷ್ಟಿಷ್ಟು ರಕ್ತ ತಲುಪಿಸ್ತಿರುತ್ತೆ, ಎಷ್ಟು ಇಳಿಸ್ಬೇಕು ಅಂತ ಸ್ಕ್ಯಾನ್ ಆದ ಮೇಲೆ ಡಾಕ್ಟ್ರು ನೋಡ್ಲಿ.

ಆಸ್ಪತ್ರೆಗೆ ಹೋದ ತಕ್ಷಣ ಬೆರಳು ಚುಚ್ಚಿ ಶುಗರ್ ನೋಡಿರ್ತಾರೆ, ಅದು ಸುಮ್ಮನೆ ಅಲ್ಲ. ಶುಗರ್ ತುಂಬ ಇಳಿದ್ರೂ ಥೇಟ್ ಸ್ಟ್ರೋಕಿನ ಹಾಗೇ ಒಂದು ಕಡೆ ಕೈಕಾಲು ಬಿದ್ದುಹೋಗಬಹುದು, ಗ್ಲೂಕೋಸ್ ಕೊಟ್ರೆ ಕಣ್ಣೆದುರೇ ಎದ್ದು ಕೂರ್ತಾರೆ. ಮುಂದಿನ ಪತ್ರ ಅದರದ್ದೇ.

ಪ್ರಶ್ನೆ: ನಮ್ಮ ಅಜ್ಜಿ ಶುಗರ್ ಲೋ ಆಗಿ ಎಚ್ಚರ ತಪ್ಪಿದ್ರು, ಗ್ಲೂಕೋಸ್ ಹಾಕಿದ ಹತ್ತೇ ನಿಮಿಷಕ್ಕೆ ಸರಿಹೋಗಿ ಕಾಫಿ ಕೇಳಿದ್ರು. ಆದ್ರೂ ಒಂದು ದಿನ ಅಡ್ಮಿಟ್ ಮಾಡಲೇಬೇಕು ಅಂದ್ರು. ದುಡ್ಡಿಗಲ್ವಾ? (ಓದುಗರು, ಮೈಸೂರು)

ಉತ್ತರ: ಅಲ್ಲ. ಅಜ್ಜಿ ತಗೊಳ್ಳೋದು ಗ್ಲಿಮಿಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಇರೋ ಶುಗರ್ ಮಾತ್ರೆನಾ ಅಂತ ಚೀಟಿ ನೋಡಿ, ನಮ್ಮಲ್ಲಿ ತುಂಬ ಜನ ತಗೊಳ್ಳೋದು ಅದೇ. ಗ್ಲೂಕೋಸ್ ಕೆಲಸ ಅರ್ಧ ಮುಕ್ಕಾಲು ಗಂಟೇಲಿ ಮುಗಿಯುತ್ತೆ, ಮಾತ್ರೆ ಮಾತ್ರ ದಿನವಿಡೀ ಇನ್ಸುಲಿನ್ ಹಿಂಡ್ತಾನೇ ಇರುತ್ತೆ, ಕಿಡ್ನಿ ಸ್ವಲ್ಪ ವೀಕ್ ಇದ್ರೆ ಇನ್ನೂ ಹೆಚ್ಚು ಹೊತ್ತು. ಮನೆಗೆ ಕರ್ಕೊಂಡು ಹೋಗಿ ಮಲಗಿಸಿದ್ರೆ ರಾತ್ರಿ ಮತ್ತೆ ಇಳಿದು, ನಿದ್ದೆ ಮಾಡ್ತಿದಾರೆ ಅಂದ್ಕೊಂಡು ಯಾರೂ ಎಬ್ಬಿಸದೆ, ಬೆಳಿಗ್ಗೆ ಕೋಮಾದಲ್ಲಿ ಬಂದೋರನ್ನ ನೋಡಿದೀನಿ. ಉಪವಾಸ ಮಾಡಿ ಮಾತ್ರೆ ಮಾತ್ರ ತಗೊಂಡ್ರಾ, ಕಾಲು ಊದಿದೆಯಾ, ಮೂತ್ರ ಕಮ್ಮಿಯಾ, ಜ್ವರ ಇತ್ತಾ ಅಂತ ಕಾರಣ ಹುಡುಕಕ್ಕೂ ಆ ಒಂದು ದಿನ ಬೇಕು. ಮನೇಲಿ ಎಚ್ಚರ ಇರುವಾಗ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದೋರ ಬಾಯಿಗೆ ಏನೂ ಹಾಕಬೇಡಿ.

ಪ್ರಶ್ನೆ: ಮೇಡಂ, ನಮ್ಮಣ್ಣ ಮನ್ಯಾಗ ಸಾಲದ ಜಗಳ ಆಗಿ ಹತ್ತಿಗೆ ಹೊಡಿಯೋ ಎಣ್ಣಿ ಕುಡದಿದ್ದ. ದವಾಖಾನಿಗೆ ಒಯ್ದಾಗ ಪೊಲೀಸ್ ಕೇಸ್ ಆಗ್ತೈತಿ ಅಂತ ಅಂಜಿ ಮೊದ್ಲು ಊಟ ಹೆಚ್ಚುಕಮ್ಮಿ ಆಗೇತಿ ಅಂತ ಹೇಳಿದ್ವಿ. ಆಮ್ಯಾಲ ಖರೇ ಹೇಳಿದ್ವಿ. ಇಂಜೆಕ್ಷನ್ ಮ್ಯಾಲ ಇಂಜೆಕ್ಷನ್ ಕೊಟ್ರು, ಎರಡನೇ ದಿನ ಹುಚ್ಚು ಹಿಡದಾಂಗ ಅರಿವಿ ಹರಕೊಳ್ಳಾಕತ್ತಿದ, ಕೈಕಾಲು ಕಟ್ಟಿದ್ರು. ಔಷಧ ಜಾಸ್ತಿ ಆಗಿ ಹಿಂಗ ಆತೇನು? ಈಗ ಮನಿಗೆ ಬಂದಾನ. (ಹೆಸರು ಬ್ಯಾಡ, ರಾಯಚೂರು ಜಿಲ್ಲಾ)

ಉತ್ತರ: ತಂಗಿ, ಖರೇ ಹೇಳಿದ್ರಲ್ಲ, ಅಣ್ಣ ಉಳಿಯೋಕೆ ಅದೂ ಒಂದು ಕಾರಣ. ಎಷ್ಟೋ ಮನೆಯೋರು ಕೊನೇವರೆಗೂ ಹೇಳಲ್ಲ, ನಾವು ಬಾಯಿಯ ವಾಸನೆ, ಸೂಜಿ ಮೊನೆಯಷ್ಟಾದ ಕಣ್ಣಿನ ಪಾಪೆ, ಸುರಿಯೋ ಜೊಲ್ಲು, ಒದ್ದೆಯಾದ ಬಟ್ಟೆ ನೋಡಿ ಊಹೆ ಮಾಡ್ಬೇಕಾಗುತ್ತೆ. ಆಸ್ಪತ್ರೆಯಿಂದ ಪೊಲೀಸರಿಗೆ ತಿಳಿಸೋದು ನಿಯಮ, ಅವರು ಬಂದು ಹೇಳಿಕೆ ಬರ್ಕೋತಾರೆ ನಿಜ, ಆದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇಂಥ ಪ್ರಯತ್ನ ಮಾಡಿದೋರನ್ನ ತೀವ್ರ ಒತ್ತಡದಲ್ಲಿ ಇದ್ದೋರು ಅಂತಲೇ ನೋಡ್ಬೇಕು, ಶಿಕ್ಷೆ ಕೊಡೋದಲ್ಲ, ಆರೈಕೆ ಕೊಡೋದು ಸರ್ಕಾರದ ಜವಾಬ್ದಾರಿ. ಈ ಮಾತನ್ನ ನಿಮ್ಮ ಊರಲ್ಲಿ ನಾಲ್ಕು ಜನಕ್ಕೆ ಹೇಳಿ.

ಆ ಇಂಜೆಕ್ಷನ್ ಅಟ್ರೋಪಿನ್. ಅಣ್ಣ ಕುಡಿದ ಥರದ ಬೆಳೆ ಔಷಧಿ, ಅಂದ್ರೆ ಕೀಟನಾಶಕ, ಮೈಯಲ್ಲಿ ನೀರಿನ ನಲ್ಲಿಗಳನ್ನೆಲ್ಲ ಬಿಟ್ಟ ಹಾಗೆ ಮಾಡುತ್ತೆ, ಕಣ್ಣೀರು, ಜೊಲ್ಲು, ಬೆವರು, ಭೇದಿ, ಎಲ್ಲಕ್ಕಿಂತ ಕೆಟ್ಟದ್ದು ಶ್ವಾಸಕೋಶದೊಳಗೆ ನೀರು ತುಂಬೋದು, ಮನುಷ್ಯ ತನ್ನೊಳಗೇ ಮುಳುಗ್ತಾನೆ. ಅಟ್ರೋಪಿನ್ ಅದನ್ನ ಒಣಗಿಸುತ್ತೆ. ಇಷ್ಟೇ ಕೊಡ್ಬೇಕು ಅಂತ ಲೆಕ್ಕ ಇಲ್ಲ, ಐದೈದು ನಿಮಿಷಕ್ಕೆ ಎರಡರಷ್ಟು ಮಾಡ್ತಾ, ಎದೆಗೆ ಸ್ಟೆತಸ್ಕೋಪ್ ಇಟ್ಟು ಗೊರಗೊರ ಶಬ್ದ ನಿಂತಿದೆಯಾ, ಕಂಕುಳು ಒಣಗಿದೆಯಾ, ನಾಡಿ ಬಿಪಿ ಏರಿದೆಯಾ ನೋಡ್ಕೊಂಡು ಹೋಗ್ತೀವಿ. ಕೆಲವರಿಗೆ ರಾಶಿ ಬೇಕಾಗುತ್ತೆ. ಒಂಚೂರು ಮೇಲಾದ್ರೆ ನೀವು ನೋಡಿದ ಹಾಗೆ ಬಡಬಡಿಸೋದು, ಬಟ್ಟೆ ಕಿತ್ಕೊಳ್ಳೋದು, ಜ್ವರ ಬರುತ್ತೆ, ಆಗ ನಿಲ್ಲಿಸಿ ಕಮ್ಮಿ ಮಾಡ್ತೀವಿ, ಅದು ಇಳಿಯುತ್ತೆ. ಹುಚ್ಚಲ್ಲ ಅದು, ಆ ದಿನದ್ದು ಏನೂ ಅಣ್ಣನಿಗೆ ನೆನಪಿರಲಿಕ್ಕಿಲ್ಲ, ಆಡಿ ತೋರಿಸ್ಬೇಡಿ.

ಬೇರೆ ಓದುಗರಿಗೂ ಹೇಳ್ತೀನಿ, ಹುಷಾರಾದ ಹಾಗೆ ಕಂಡ್ರೂ ಎರಡನೇ ಮೂರನೇ ದಿನ ಹಟ ಮಾಡಿ ಡಿಸ್ಚಾರ್ಜ್ ತಗೋಬೇಡಿ. 24ರಿಂದ 96 ಗಂಟೆ ಒಳಗೆ ಕೆಲವರಿಗೆ ಕುತ್ತಿಗೆ ಎತ್ತೋ ಶಕ್ತಿ ಹೋಗಿ, ಹಿಂದೇನೇ ಉಸಿರಾಟ ನಿಲ್ಲುತ್ತೆ. ದಿಂಬಿನಿಂದ ತಲೆ ಎತ್ತಪ್ಪಾ ಅಂತ ನಾವು ದಿನಕ್ಕೆ ನಾಲ್ಕು ಸಲ ಕೇಳೋದು ಅದನ್ನ ಹಿಡಿಯೋಕೆ. ಮನೇಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು ಬೇಡ, ಮೈಮೇಲೆ ಚೆಲ್ಲಿದ್ರೆ ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ತೊಳೀರಿ, ತೊಳೆಯೋರು ಕೈಗೆ ಪ್ಲಾಸ್ಟಿಕ್ ಕವರಾದ್ರೂ ಹಾಕ್ಕೊಳ್ಳಿ, ಬಾಟ್ಲಿ ತಪ್ಪದೆ ತನ್ನಿ, ಯಾಕಂದ್ರೆ ಕಳೆನಾಶಕ, ಇಲಿ ಪಾಷಾಣ, ಕಾಳಿಗಿಡೋ ಗುಳಿಗೆ ಒಂದೊಂದಕ್ಕೂ ದಾರಿ ಬೇರೆ. ಇಲಿ ಪಾಷಾಣದ ಕೆಲವು ಪೇಸ್ಟುಗಳಲ್ಲಿ ಎರಡು ದಿನ ಏನೂ ಆಗದ ಹಾಗೆ ಇದ್ದು ಆಮೇಲೆ ಲಿವರ್ ಹಾಳಾಗುತ್ತೆ.

ಅಣ್ಣನ ಜೊತೆ ಕೂತು ಮಾತಾಡಿ, ಮತ್ತೆ ಅಂಥ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳಿದ್ರೆ ಜಾಸ್ತಿ ಆಗುತ್ತೆ ಅನ್ನೋದು ತಪ್ಪು ನಂಬಿಕೆ. ಎಣ್ಣಿ ಡಬ್ಬ ಮನೇಲಿಡಬೇಡಿ, ಬೀಗ ಹಾಕಿದ ಜಾಗದಲ್ಲಿರಲಿ, ಕೀಲಿ ಇನ್ನೊಬ್ಬರ ಹತ್ರ ಇರಲಿ. 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನೋರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಅಣ್ಣ ಮಾಡದಿದ್ರೆ ನೀವೇ ಮಾಡಿ, ಮನೆಯೋರಿಗೂ ಅವರು ದಾರಿ ಹೇಳ್ತಾರೆ.

ಪ್ರಶ್ನೆ: ಮಗ ಸೈಕಲ್ಲಿಂದ ಬಿದ್ದು ಕೈ ಮುರ್ಕೊಂಡಿದ್ದ. ನಾವು ಬಂದು ಒಂದೂವರೆ ಗಂಟೆ ಕಾದ್ವಿ, ನಮ್ಮ ನಂತರ ಬಂದ ಮೂರು ಜನರನ್ನ ಮೊದಲು ನೋಡಿದ್ರು. ಅದರಲ್ಲಿ ಒಬ್ಬರು ನಡ್ಕೊಂಡೇ ಬಂದಿದ್ರು! (ಓದುಗರು, ಬೆಂಗಳೂರು)

ಉತ್ತರ: ಬ್ಯಾಂಕಿನ ಹಾಗೆ ಟೋಕನ್ ಪ್ರಕಾರ ಇಲ್ಲಿ ನಡೆಯಲ್ಲ. ಬಂದ ತಕ್ಷಣ ಉಸಿರು, ನಾಡಿ, ಬಿಪಿ, ಎಚ್ಚರ ನೋಡಿ ಕೆಂಪು, ಹಳದಿ, ಹಸಿರು ಅಂತ ವಿಂಗಡಿಸ್ತೀವಿ. ನಡ್ಕೊಂಡು ಬಂದೋರು ಎದೆನೋವಿನೋರು ಇದ್ದಿರ್ಬಹುದು. ಆದ್ರೆ ಮಗುನ ಒಂದೂವರೆ ಗಂಟೆ ನೋವಲ್ಲಿ ಕೂರಿಸಿದ್ದು ಸರಿಯಲ್ಲ, ಕಾಯಿಸಿದ್ರೂ ನೋವಿನ ಔಷಧಿ ಕೊಟ್ಟು, ಕೈಗೆ ಪಟ್ಟಿ ಕಟ್ಟಿ ಕಾಯಿಸ್ಬೇಕಿತ್ತು, ಅದನ್ನ ಕೇಳೋ ಹಕ್ಕು ನಿಮಗಿದೆ. ಕಾಯ್ತಾ ಇರುವಾಗ ಬೆರಳು ತಣ್ಣಗಾದ್ರೆ, ಬಿಳಿಚಿಕೊಂಡ್ರೆ, ಜೋಮು ಹಿಡಿದ್ರೆ ಕೂಗಿ ಕರೀರಿ, ಆಗ ಹಸಿರು ಕೆಂಪಾಗುತ್ತೆ.

ಪ್ರಶ್ನೆ: ಎರಡು ವರ್ಷದ ಮಗಳು ಶೇಂಗಾ ತಿನ್ನುವಾಗ ಜೋರಾಗಿ ಕೆಮ್ಮಿ ಮುಖ ಕೆಂಪಾಯ್ತು, ಐದು ನಿಮಿಷಕ್ಕೆ ಸರಿಹೋಯ್ತು, ಆಟ ಆಡ್ತಿದ್ದಳು. ಎಕ್ಸ್‌ರೇ ನಾರ್ಮಲ್. ಆದ್ರೂ ಅರಿವಳಿಕೆ ಕೊಟ್ಟು ಶ್ವಾಸನಾಳದೊಳಗೆ ಪೈಪ್ ಹಾಕಿ ನೋಡ್ಬೇಕು ಅಂದ್ರು. ನಾವು ಬೇಡ ಅಂತ ಬಂದ್ವಿ. ಎರಡು ವಾರದಿಂದ ಕೆಮ್ಮು ಇದೆ, ಸಿರಪ್ ಕೊಡ್ತಿದೀವಿ. (ಒಬ್ಬ ತಾಯಿ, ದಾವಣಗೆರೆ)

ಉತ್ತರ: ದಯವಿಟ್ಟು ಈ ಪುಟ ಓದಿದ ದಿನವೇ ಮಗುನ ವಾಪಸ್ ಕರ್ಕೊಂಡು ಹೋಗಿ. ಶೇಂಗಾ ಎಕ್ಸ್‌ರೇಲಿ ಕಾಣಲ್ಲ, ನಾಣ್ಯ ಪಿನ್ನು ಕಾಣೋ ಹಾಗೆ ಅದು ಕಾಣಲ್ಲ. ಕಾಳು ಶ್ವಾಸನಾಳದ ಕೆಳಗಿನ ಕೊಂಬೆಗೆ ಹೋಗಿ ಕೂತ ಮೇಲೆ ಕೆಮ್ಮು ನಿಂತುಬಿಡುತ್ತೆ, ಮಗು ಆಡುತ್ತೆ, ಎಲ್ರೂ ಸರಿಹೋಯ್ತು ಅಂದ್ಕೋತಾರೆ. ಆಮೇಲೆ ಕಾಳು ನೀರು ಕುಡಿದು ಉಬ್ಬುತ್ತೆ, ಅದರ ಎಣ್ಣೆ ಅಂಶಕ್ಕೆ ಸುತ್ತ ಊತ ಬರುತ್ತೆ, ಒಂದೇ ಕಡೆ ನ್ಯುಮೋನಿಯಾ ಆಗುತ್ತೆ, ಸಿರಪ್ ಮೇಲೆ ಸಿರಪ್ ಕೊಡ್ತಾ ತಿಂಗಳು ಕಳೆದೋರಿದಾರೆ. ತಿನ್ನುವಾಗ ಒಮ್ಮೆಲೇ ಕೆಮ್ಮಿ ಮುಖ ಕೆಂಪಾಯ್ತು ಅಂತ ನೀವು ಬರ್ದಿದೀರಲ್ಲ, ಆ ಒಂದು ವಾಕ್ಯದ ತೂಕ ಎಕ್ಸ್‌ರೇಗಿಂತ ಹೆಚ್ಚು. ಹೋದಾಗ ಬರೀ ಕೆಮ್ಮು ಅನ್ನಬೇಡಿ, ಈ ವಾಕ್ಯವನ್ನೇ ಹೇಳಿ.

ನಾಲ್ಕೈದು ವರ್ಷದವರೆಗೆ ಇಡೀ ಶೇಂಗಾ, ಹುರಿಗಡಲೆ, ಹಲಸಿನ ಬೀಜದ ತುಂಡು ಕೊಡಬೇಡಿ. ಗಂಟಲಲ್ಲಿ ಸಿಕ್ಕಿದಾಗ ಮಗು ಕೆಮ್ಮೋ ಹಾಗಿದ್ರೆ ಕೆಮ್ಮಲಿಕ್ಕೆ ಬಿಡಿ, ಕಾಣದ್ದನ್ನ ಬೆರಳು ಹಾಕಿ ಹುಡುಕಬೇಡಿ. ಶಬ್ದವೇ ಬರದೆ ನೀಲಿಯಾಗ್ತಿದ್ರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲ ಮೂಳೆ ನಡುವೆ ಅಂಗೈ ಬುಡದಿಂದ ಐದು ಏಟು ಹಾಕಿ, ಆಗಲಿಲ್ಲ ಅಂದ್ರೆ ಹಿಂದಿನಿಂದ ಅಪ್ಪಿ ಹೊಕ್ಕಳ ಮೇಲ್ಗಡೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ, ವರ್ಷದೊಳಗಿನ ಕೂಸಿಗೆ ಮಾತ್ರ ಹೊಟ್ಟೆ ಬೇಡ, ಎದೆ ಮಧ್ಯೆ ಒಂದು ಅಂಗೈ ಬುಡದಿಂದ ಒತ್ತಿ.

ಪ್ರಶ್ನೆ: ರೋಡಲ್ಲಿ ಆಕ್ಸಿಡೆಂಟ್ ಆದೋರನ್ನ ಆಸ್ಪತ್ರೆಗೆ ಸೇರಿಸಿದ್ರೆ ಕೋರ್ಟು ಕಚೇರಿ ಅಲೀಬೇಕಾ? (ಆಟೋ ಚಾಲಕರು, ಹುಬ್ಬಳ್ಳಿ)

ಉತ್ತರ: ಬೇಡ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ ನೆರವಿಗೆ ಬಂದೋರಿಗೆ ರಕ್ಷಣೆ ಇದೆ, ಹೆಸರು ವಿಳಾಸ ಕೊಡಿ ಅಂತ ಒತ್ತಾಯ ಮಾಡೋ ಹಾಗಿಲ್ಲ, ಇಷ್ಟ ಇದ್ರೆ ಕೊಡಿ. ಮೊದ್ಲು ಜೀವ ಉಳಿಸಿ ಆಮೇಲೆ ಕಾನೂನು ನೋಡಿ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಡಾಕ್ಟ್ರುಗಳಿಗೆ ಹೇಳಿದೆ. ರಕ್ತ ಹರೀತಿದ್ರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿಹಿಡೀರಿ, ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ಕುತ್ತಿಗೆ ತಿರುಗಿಸದೆ ನಾಲ್ಕು ಜನ ಸೇರಿ ಒಂದೇ ಸಮ ಎತ್ತಿ. ಆಟೋದಲ್ಲಿ ಮಡಿಚಿ ಕೂರಿಸೋದಕ್ಕಿಂತ 108 ಹತ್ತಿರ ಇದ್ರೆ ಕಾಯೋದು ಒಳ್ಳೇದು, ತುಂಬ ದೂರ ಇದ್ರೆ ನಿಮ್ಮ ಆಟೋನೇ ಆಂಬುಲೆನ್ಸ್.

ಪ್ರಶ್ನೆ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಟ್ರೆ ನಿಲ್ಲುತ್ತಲ್ಲ, ನಮ್ಮ ಕಣ್ಣಾರೆ ನೋಡಿದೀವಿ. (ಓದುಗರು, ಚಾಮರಾಜನಗರ)

ಉತ್ತರ: ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷಕ್ಕೆ ತಾನಾಗೇ ನಿಲ್ಲುತ್ತೆ, ಬೀಗದ ಕೈ ಹುಡುಕಿ ತರೋಕೂ ಅಷ್ಟೇ ಹೊತ್ತು ಬೇಕು. ಕಬ್ಬಿಣ, ಈರುಳ್ಳಿ, ಚಪ್ಪಲಿ ಏನೂ ಬೇಡ, ಹಲ್ಲಿನ ಮಧ್ಯೆ ಚಮಚ ಹಾಕೋದಂತೂ ಬೇಡವೇ ಬೇಡ, ಹಲ್ಲು ಮುರಿದು ಶ್ವಾಸನಾಳಕ್ಕೆ ಹೋಗುತ್ತೆ. ಶುರುವಾದ ತಕ್ಷಣ ಗಡಿಯಾರ ನೋಡಿ, ಸುತ್ತಲಿನ ಕಲ್ಲು ಕುರ್ಚಿ ಸರಿಸಿ, ನಡುಕ ನಿಂತ ಮೇಲೆ ಎಡಮಗ್ಗುಲಿಗೆ ತಿರುಗಿಸಿ. ಐದು ನಿಮಿಷ ದಾಟಿದ್ರೆ, ಒಂದಾದ ಮೇಲೊಂದು ಬಂದ್ರೆ, ಮೊದಲ ಸಲ ಆದ್ರೆ, ಗರ್ಭಿಣಿ ಆದ್ರೆ, ಕಾಯದೆ 108ಕ್ಕೆ ಮಾಡಿ. ಪಕ್ಕದಲ್ಲಿ ಇನ್ನೊಬ್ಬರಿದ್ರೆ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳೋಕೆ ಹೇಳಿ. ನಾವು ನೋಡೋ ಹೊತ್ತಿಗೆ ಎಲ್ಲ ನಿಂತಿರುತ್ತೆ, ಯಾವ ಕೈ ಮೊದ್ಲು ನಡುಗಿತು, ಕಣ್ಣು ಯಾವ ಕಡೆ ತಿರುಗಿತು, ಎಷ್ಟು ನಿಮಿಷ ಇತ್ತು ಅನ್ನೋದು ಆ ವಿಡಿಯೋದಲ್ಲಿ ಮಾತ್ರ ಇರುತ್ತೆ.